ಬ್ಯಾಡಗಿಯ ಖಾರದ ಧೂಳಿನಲ್ಲಿ ಒಂದು ಗೇಮಿಂಗ್ ಪಿಸಿ

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದ ಕೂಡಲೇ ಐದು ಸೀನು ಬಂದವು. ನಾಲ್ಕು ವರ್ಷ ಯಾರೂ ಬಿಚ್ಚದ ಡಬ್ಬಿ ಅದು. ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗಳಿಗೆ ಕೆಂಪು ಧೂಳು ಮೆತ್ತಿಕೊಂಡಿತ್ತು. ಅಡುಗೆಮನೆಯಿಂದ ಅವ್ವ ಕೂಗಿದಳು: "ಏನೋ, ಆ ಡಬ್ಬಿಯೊಳಗ ಖಾರ ಕುಟ್ಟಾಕತ್ತೀಯೇನು?"

ನಮ್ಮದು ಬ್ಯಾಡಗಿ. ಮನೆ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹತ್ತಿರ. ಸೀಸನ್ನಿನಲ್ಲಿ ಸೋಮವಾರ, ಗುರುವಾರ ಚೀಲಗಳು ಬಂದು ಬಿದ್ದವೆಂದರೆ ಬೀದಿಯೆಲ್ಲ ಘಾಟು. ಹೊರಗಿನವರು ಕೆಮ್ಮುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಗೊತ್ತಾಗಿತ್ತು.

ನಾನು ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. 2019ರಲ್ಲಿ ಟ್ಯಾಲಿಗೆ, ಜಿಎಸ್‌ಟಿ ರಿಟರ್ನಿಗೆ ಅಂತ ಹುಬ್ಬಳ್ಳಿಯಲ್ಲಿ ಜೋಡಿಸಿ ತಂದ ಮಷೀನು ಅದು. ರೈಜೆನ್ 3 2200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ್‍ಯಾಮಿನ ಒಂದೇ ಸ್ಟಿಕ್ (ಕೆಲಸದ ಹೊತ್ತಿನ ಮೆಮೊರಿ ಅದು), 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬಂದ ಪವರ್ ಸಪ್ಲೈ. ಹಗಲು ಟ್ಯಾಲಿ, ರಾತ್ರಿ ವ್ಯಾಲೊರಂಟ್ ಮತ್ತು ಜಿಟಿಎ 5 ಆಟ. ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ನನ್ನ ಜೊತೆಗಾರ. ನನ್ನ ಮಷೀನು ಎಷ್ಟು ನಿಧಾನ ಅಂದರೆ, ಅವನ ಪರದೆಯಲ್ಲಿ ಸತ್ತವನು ನನ್ನ ಪರದೆಯಲ್ಲಿ ಇನ್ನೂ ಓಡಾಡುತ್ತಿರುತ್ತಿದ್ದ. 2023ರ ದಸರೆ ಕಳೆದ ಮೇಲೆ ಇದಕ್ಕೊಂದು ಗತಿ ಕಾಣಿಸಲೇಬೇಕು ಅಂತ ಕೂತೆ.

ಎಲ್ಲರೂ ಹೇಳಿದ್ದು ಒಂದೇ ಮಾತು, ಆಟದ ಚಿತ್ರ ಮೂಡಿಸಲು ಬೇರೆಯದೇ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಬಿಡು ಅಂತ. ನಾನು ಮೊದಲು ಟಾಸ್ಕ್ ಮ್ಯಾನೇಜರ್ ತೆರೆದೆ. ಆಟ ಓಡುತ್ತಿರುವಾಗಲೇ ಆಲ್ಟ್ ಟ್ಯಾಬ್ ಒತ್ತಿ ಹೊರಗೆ ಬಂದು ಮೆಮೊರಿಯ ಪುಟ ನೋಡಿದರೆ ಎರಡು ವಿಷಯ ಗೊತ್ತಾದವು. 8 ಜಿಬಿಯಲ್ಲಿ 2 ಜಿಬಿ ನನ್ನ ಕೈಗೇ ಸಿಗುತ್ತಿರಲಿಲ್ಲ. 2200ಜಿ ಒಳಗಿನ ವೇಗಾ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಹಾಗಾಗಿ ಅದು ರ್‍ಯಾಮಿನಲ್ಲೇ ಪಾಲು ಕೇಳುತ್ತದೆ. ಇನ್ನೊಂದು, ವೇಗದ ಜಾಗದಲ್ಲಿ 2133 ಅಂತ ಇತ್ತು. ರ್‍ಯಾಮಿನ ಮೇಲೆ ಬರೆದದ್ದು 3000. ಬಯೋಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಬರೆದಷ್ಟು ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅದು ಕೆಳಗಿನ ವೇಗದಲ್ಲೇ ಓಡುತ್ತದೆ. ಜೋಡಿಸಿಕೊಟ್ಟವರು ಆನ್ ಮಾಡಿರಲಿಲ್ಲ. ನಾನೂ ನಾಲ್ಕು ವರ್ಷ ನೋಡಿರಲಿಲ್ಲ ಬಿಡಿ.

ಮೊದಲ ಖರ್ಚು 1,700 ರೂಪಾಯಿ. ಅಂಥದ್ದೇ ಇನ್ನೊಂದು 8 ಜಿಬಿ ಸ್ಟಿಕ್. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿದೆ. ಪಕ್ಕಪಕ್ಕದಲ್ಲಿ ಹಾಕಿದರೆ ಸಾಮಾನ್ಯವಾಗಿ ಎರಡೂ ಒಂದೇ ಚಾನೆಲ್ಲಿಗೆ, ಅಂದರೆ ಒಂದೇ ದಾರಿಗೆ ಹೋಗುತ್ತವೆ, ಜೋಡಿಯ ಲಾಭ ಸಿಗುವುದಿಲ್ಲ. ಎಕ್ಸ್‌ಎಂಪಿ ಆನ್ ಮಾಡಿ ವೇಗವನ್ನು 2933ಕ್ಕೆ ಇಳಿಸಿದೆ, 2200ಜಿಗೆ ಕಂಪನಿ ಹೇಳಿದ ಮಿತಿ ಅದೇ. ವ್ಯಾಲೊರಂಟಿನಲ್ಲಿ ಸೆಕೆಂಡಿಗೆ 60ರ ಆಸುಪಾಸು ಇದ್ದ ಫ್ರೇಮು, ಅಂದರೆ ಚಿತ್ರಗಳ ಲೆಕ್ಕ, 90ಕ್ಕೆ ಹೋಯಿತು. ಕಾರ್ಡಿಲ್ಲದ ಕಂಪ್ಯೂಟರಿಗೆ ಇದಕ್ಕಿಂತ ಅಗ್ಗದ ಔಷಧಿ ನನಗೆ ಗೊತ್ತಿಲ್ಲ. ಅದರ ಹಿಂದೆಯೇ ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, 3,200. ಅದರಿಂದ ಫ್ರೇಮು ಜಾಸ್ತಿ ಆಗಲಿಲ್ಲ, ಕಾಯುವುದು ತಪ್ಪಿತು.

ಆಮೇಲೆ ಕಾರ್ಡಿನ ಆಸೆ. ಜಿಟಿಎ ಇನ್ನೂ ಮಂಜುಮಂಜಾಗಿಯೇ ಇತ್ತು.

ಒಂದು ಭಾನುವಾರ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಕೊಪ್ಪಿಕರ್ ರಸ್ತೆ ಸುತ್ತಮುತ್ತ ನಾಲ್ಕು ಅಂಗಡಿ ಹತ್ತಿ ಇಳಿದೆ. ಒಂದು ಕಡೆ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರು. "ಇದ ಒಯ್ರಿ ಸರ, ಭಾಳ ಮಂದಿ ಇದನ್ನ ಒಯ್ಯಾಕತ್ಯಾರ." ರೇಟು ಚೆನ್ನಾಗಿತ್ತು, ಹೊಸ ಡಬ್ಬಿ. ಆದರೆ ಆ ಕಾರ್ಡಿಗೆ ಮದರ್‌ಬೋರ್ಡಿನ ಜೊತೆ ಮಾತಾಡಲು ನಾಲ್ಕೇ ಲೇನು. ಆ ದಾರಿಗೆ ಪಿಸಿಐಇ ಅಂತ ಹೆಸರು. ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನನ್ನ ಬಿ450ಯದು 3.0, ಅಲ್ಲಿ ದಾರಿ ಅರ್ಧಕ್ಕೆ ಇಳಿಯುತ್ತದೆ. ಮೆಮೊರಿ ಬೇರೆ 4 ಜಿಬಿ. ಅದು ತುಂಬಿದ ಮೇಲೆ ಸಾಮಾನೆಲ್ಲ ಆ ಇಕ್ಕಟ್ಟಿನ ದಾರಿಯಲ್ಲೇ ಬರಬೇಕು. ಡಬ್ಬಿಯ ಮೇಲೆ ಇದೇನೂ ದಪ್ಪ ಅಕ್ಷರದಲ್ಲಿ ಬರೆದಿರುವುದಿಲ್ಲ.

ಇನ್ನೊಂದು ಕಡೆ ಬಳಸಿದ ಆರ್‌ಎಕ್ಸ್ 580. 2022ರ ಸೆಪ್ಟೆಂಬರಿನಲ್ಲಿ ಇಂಥ ಕಾರ್ಡುಗಳಲ್ಲಿ ನಡೆಯುತ್ತಿದ್ದ ಇಥೀರಿಯಂ ಅನ್ನುವ ಡಿಜಿಟಲ್ ದುಡ್ಡಿನ ಗಣಿಗಾರಿಕೆ ನಿಂತ ಮೇಲೆ ಇಂಥ ಕಾರ್ಡುಗಳು ಸಂತೆಗೆ ಬಂದ ಹಾಗೆ ಬಂದಿದ್ದವು. 185 ವ್ಯಾಟ್ ತಿನ್ನುತ್ತದೆ ಅನ್ನುವುದು ಒಂದು. ಹೆಸರಿನ ಕೊನೆಗೆ ಸಣ್ಣದಾಗಿ 2048ಎಸ್‌ಪಿ ಅಂತ ಇದ್ದದ್ದು ಇನ್ನೊಂದು. ಅಂದರೆ ಹೆಸರಿಗೆ 580, ಒಳಗೆ ಲೆಕ್ಕ ಮಾಡುವ ಕೋರುಗಳು ಕೆಳಗಿನ ಮಾಡೆಲ್ಲಾದ 570ಯಷ್ಟೇ. ಮುಂದೆ 2024ರ ಫೆಬ್ರವರಿಯಲ್ಲಿ ಎನ್‌ವಿಡಿಯಾದವರೂ ಆರ್‌ಟಿಎಕ್ಸ್ 3050 ಅನ್ನುವ ಹೆಸರಿನಲ್ಲೇ 6 ಜಿಬಿಯದೊಂದು ಬಿಟ್ಟರು. ಹಳೆಯ 8 ಜಿಬಿಯದಕ್ಕಿಂತ ಅದರಲ್ಲಿ ಕೋರೂ ಕಡಿಮೆ. ನಮ್ಮ ಮಾರ್ಕೆಟ್ಟಿನಲ್ಲಿ ಚೀಲದ ಚೀಟಿ ನೋಡಿ ಯಾರೂ ದರ ಬರೆಯುವುದಿಲ್ಲ. ಹಿಡಿ ತುಂಬ ತೆಗೆದು, ದಪ್ಪನೆಯ ಡಬ್ಬಿ ತಳಿಯೋ ಸಣ್ಣನೆಯ ಕಡ್ಡಿ ತಳಿಯೋ ನೋಡಿ, ಒಂದನ್ನು ಮುರಿದು, ಆಮೇಲೆ ಬರೆಯುತ್ತಾರೆ. ಕಾರ್ಡನ್ನು ಮುರಿದು ನೋಡಲು ಬರುವುದಿಲ್ಲವಲ್ಲ, ಅದಕ್ಕೆ ಪೂರ್ತಿ ಹೆಸರು ಫೋನಿನಲ್ಲಿ ಹೊಡೆದು ಓದುತ್ತಾ ಅಂಗಡಿಯಲ್ಲೇ ನಿಂತುಬಿಟ್ಟೆ. ಅಂಗಡಿಯವರಿಗೆ ಸ್ವಲ್ಪ ಬೇಜಾರಾಯಿತು.

ಕೊನೆಗೆ ಮನಸ್ಸು ನಿಂತದ್ದು ಆರ್‌ಎಕ್ಸ್ 6600 ಮೇಲೆ. 8 ಜಿಬಿ, ಎಂಟು ಲೇನು, 132 ವ್ಯಾಟ್. ಮುಂದೆ ನಾನು ಆಡಬೇಕೆಂದಿದ್ದದ್ದು 1080ಪಿ, ಅಂದರೆ 1920×1080ರ ಪರದೆಯಲ್ಲಿ, ಅದಕ್ಕೆ ಇಷ್ಟು ಬೇಕಾದಷ್ಟು. ಆ ದಿನ ಕೊಳ್ಳಲಿಲ್ಲ ಮಾತ್ರ. ಕಾರಣ ಪವರ್ ಸಪ್ಲೈ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಪವರ್ ಸಪ್ಲೈಯನ್ನು ಯಾರೂ ನೋಡುವುದೇ ಇಲ್ಲ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಸಾಮಾನು ಅದು. ನನ್ನದರ ಮೇಲೆ ದೊಡ್ಡದಾಗಿ 450 ಅಂತ ಇತ್ತು. ಊರಿಗೆ ಬಂದು ಬಿಚ್ಚಿ ಹೊರಗೆಳೆದೆ, ಪಕ್ಕದ ಸ್ಟಿಕ್ಕರ್ ಒರೆಸಿ ಟಾರ್ಚ್ ಹಿಡಿದೆ. ಸಣ್ಣ ಕೋಷ್ಟಕ. ಅದರಲ್ಲಿ +12 ವೋಲ್ಟಿನ ಕೆಳಗೆ 16 ಆಂಪಿಯರ್. ಹನ್ನೆರಡು ಹದಿನಾರಲೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿ ಈ 12 ವೋಲ್ಟಿನ ಗೆರೆಯಿಂದಲೇ ಕುಡಿಯುತ್ತವೆ. ಅಂದರೆ ನನ್ನ ಕೆಲಸಕ್ಕೆ ಆ 450 ನಿಜದಲ್ಲಿ 192. ಕಾರ್ಡಿಗೆ 132, ಪ್ರೊಸೆಸರಿಗೆ 65 ಇಟ್ಟರೆ ಅಲ್ಲಿಗೇ ಮಿಕ್ಕಿ ಹೋಯಿತು. ಕಾರ್ಡಿಗೆ ಬೇಕಾದ 8 ಪಿನ್ನಿನ ವಾಯರೂ ಅದರಲ್ಲಿ ಇರಲಿಲ್ಲ. ಅದಕ್ಕೆ 80 ರೂಪಾಯಿಯ ಒಂದು ಕನ್ವರ್ಟರ್ ಹಾಕಿದರೆ ನಡೆಯುತ್ತದೆ ಅಂತ ಒಬ್ಬರು ಹೇಳಿದ್ದರು. ವಾಯರ್ ಸಿಕ್ಕಿತು ಅಂತ ಕರೆಂಟು ಸಿಗುತ್ತದೆಯೇ?

550 ವ್ಯಾಟಿನದನ್ನು 4,300ಕ್ಕೆ ತಂದೆ. ಅದರ ಸ್ಟಿಕ್ಕರಿನಲ್ಲಿ 12 ವೋಲ್ಟಿಗೆ 45 ಆಂಪಿಯರ್, ಅಂದರೆ 540. ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದರೆ ಹಳೆಯದು ಖಾಲಿ ಡಬ್ಬಿ ಅನ್ನಿಸುತ್ತಿತ್ತು. 80 ಪ್ಲಸ್ ಬ್ರಾಂಜ್ ಅನ್ನುವುದು ಕರೆಂಟು ಎಷ್ಟು ಪೋಲಾಗದೆ ಬರುತ್ತದೆ ಅನ್ನುವ ಲೆಕ್ಕ ಅಷ್ಟೇ, ಗಟ್ಟಿತನದ ಸರ್ಟಿಫಿಕೇಟ್ ಅಲ್ಲ. ನಾನು ಹೆಚ್ಚು ನೋಡಿದ್ದು ಐದು ವರ್ಷದ ವಾರಂಟಿಯನ್ನು, ಮತ್ತು ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಅನ್ನುವುದನ್ನು.

ಕಾರ್ಡಿನ ಉದ್ದದ ಯೋಚನೆ ಆಮೇಲೆ ಬಂತು. ಮೂರು ಫ್ಯಾನಿನ ಮಾಡೆಲ್ 28 ಸೆಂಟಿಮೀಟರ್ ಮೀರುತ್ತದೆ. ನನ್ನ ಕ್ಯಾಬಿನೆಟ್ಟಿನಲ್ಲಿ ಹಾರ್ಡ್ ಡಿಸ್ಕಿನ ಗೂಡು ಅಡ್ಡ. ಟೇಪು ಹಿಡಿದು ಅಳೆದರೂ ನಂಬಿಕೆ ಬರಲಿಲ್ಲ. ಬೂಟಿನ ಡಬ್ಬಿಯ ರಟ್ಟನ್ನು ಕಾರ್ಡಿನ ಅಳತೆಗೇ ಕತ್ತರಿಸಿ ಸ್ಲಾಟಿನ ಮೇಲೆ ಇಟ್ಟು ನೋಡಿದೆ. ಗೂಡಿಗೆ ಒತ್ತಿಕೊಂಡು ರಟ್ಟು ಬಾಗಿತು. ಎರಡು ಫ್ಯಾನಿನ ಗಿಡ್ಡ ಮಾಡೆಲ್ಲಿನ ಅಳತೆಗೆ ಇನ್ನೊಂದು ರಟ್ಟು ಕತ್ತರಿಸಿದೆ, ಸಲೀಸಾಗಿ ಕೂತಿತು. ಅದನ್ನೇ ಆನ್‌ಲೈನಿನಲ್ಲಿ 21,500ಕ್ಕೆ ತರಿಸಿದೆ. ಪಾರ್ಸೆಲ್ ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ವಿಡಿಯೋ ಮಾಡಿಟ್ಟುಕೊಂಡೆ, ಸೀರಿಯಲ್ ನಂಬರ್ ಕಾಣುವ ಹಾಗೆ.

ಜಿಟಿಎ ಕಣ್ಣಿಗೆ ಹಬ್ಬ. ಆದರೆ ವ್ಯಾಲೊರಂಟ್ ಅಂದುಕೊಂಡಷ್ಟು ಏರಲಿಲ್ಲ. ಆ ಆಟ ಕಾರ್ಡಿಗಿಂತ ಪ್ರೊಸೆಸರನ್ನು ಜಾಸ್ತಿ ದುಡಿಸುತ್ತದೆ. ಯಾವುದು ಎಷ್ಟು ದುಡಿಯುತ್ತಿದೆ ಅನ್ನುವ ಅಂಕಿಯನ್ನು ಪರದೆಯ ಮೂಲೆಯಲ್ಲಿ ಹಾಕಿಕೊಂಡು ಆಡಿದರೆ ಕಾರ್ಡು ಅರ್ಧ ಕೆಲಸವನ್ನೂ ಮಾಡುತ್ತಿರಲಿಲ್ಲ, ನಾಲ್ಕು ಕೋರಿನ 2200ಜಿ ಮಾತ್ರ ಏದುಸಿರು ಬಿಡುತ್ತಿತ್ತು. ಅದೂ ಅಲ್ಲದೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ ಆಗಲೇ ಗೊತ್ತಿತ್ತು, ವಿಂಡೋಸ್ 11ರ ಪಟ್ಟಿಯಲ್ಲಿ 2200ಜಿ ಇಲ್ಲ. ಸೀಸನ್ ಮುಗಿದು ಕೈಗೆ ಸ್ವಲ್ಪ ದುಡ್ಡು ಬಂದಾಗ ರೈಜೆನ್ 5 5600 ತಂದೆ. ಆರು ಕೋರು, 10,800. ಹಳೆಯದೂ ಹೊಸದೂ ಕೂರುವುದು ಒಂದೇ ಎಎಂ4 ಸಾಕೆಟ್ಟಿನಲ್ಲಿ, ಅದರ ಪುಣ್ಯ, ಬೋರ್ಡೂ ಬದಲಿಸಬೇಕಿಲ್ಲ, ರ್‍ಯಾಮೂ ಬದಲಿಸಬೇಕಿಲ್ಲ.

ಹೊಸ ಪ್ರೊಸೆಸರ್ ಕೂರಿಸುವ ಮೊದಲು, ಹಳೆಯದು ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಇಲ್ಲದಿದ್ದರೆ ಬೋರ್ಡಿಗೆ ಹೊಸದರ ಗುರುತೇ ಸಿಗುವುದಿಲ್ಲ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಫೈಲು ಹಾಕಿಕೊಂಡೆ. ನಡುವೆ ಕರೆಂಟು ಹೋದರೆ ಬೋರ್ಡು ಸತ್ತ ಹಾಗೆ. ನನ್ನ ಹತ್ತಿರ 600 ವಿಎಯ ಯುಪಿಎಸ್ ಇದೆ, ವ್ಯಾಟಿನಲ್ಲಿ 360. ಬೆಳಿಗ್ಗೆ ಆರಕ್ಕೆ ಕೂತೆ. ಅಪ್‌ಡೇಟಿನ ಗೆರೆ ಅರ್ಧ ತುಂಬಿತ್ತು, ಕರೆಂಟು ಹೋಗಿ ತಲೆಯ ಮೇಲಿನ ಫ್ಯಾನು ನಿಂತಿತು, ಯುಪಿಎಸ್ ಕುಂಯ್ ಅನ್ನತೊಡಗಿತು. ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಎರಡು ನಿಮಿಷದಲ್ಲಿ ಗೆರೆ ಪೂರ್ತಿಯಾಗಿ ತಾನೇ ರೀಸ್ಟಾರ್ಟ್ ಆಯಿತು. ಕರೆಂಟು ಬಂದದ್ದು ಏಳೂವರೆಗೆ.

ಪ್ರೊಸೆಸರ್ ಮೇಲಿನ ಕೂಲರ್ ತೆಗೆಯುವಾಗ ಒಂದು ಅಪಾಯ ಇದೆ. ಎಎಂ4 ಪ್ರೊಸೆಸರಿನ ಹೊಟ್ಟೆಯಲ್ಲಿ 1331 ಪಿನ್. ಅದಕ್ಕೂ ಕೂಲರಿಗೂ ನಡುವಿನ ಹಳೆಯ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ, ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ. ಅಕ್ಕನ ಮಗ ಹಾಸ್ಟೆಲ್ಲಿನಲ್ಲಿ ಹೀಗೇ ಮೂರು ಪಿನ್ ಬಗ್ಗಿಸಿಕೊಂಡಿದ್ದ. ನಾನು ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿದೆ, ಆಫ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಿದ ಹಾಗೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿಸಿದೆ. ಚುಂಯ್ ಅಂತ ಬಿಟ್ಟುಕೊಂಡಿತು. ಬೋರ್ಡಿನ ಹಿಂದಿನ ಪ್ಲೇಟು ಜಾರಿ ಬೀಳುತ್ತದೆ, ಒಂದು ಕೈ ಅಲ್ಲಿರಬೇಕು.

ಎಲ್ಲ ಕೂರಿಸಿ ಸ್ವಿಚ್ ಹಾಕಿದೆ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ರ್‍ಯಾಮ್ ತೆಗೆದು ಹಾಕಿದೆ. ಕಾರ್ಡ್ ತೆಗೆದು ಹಾಕಿದೆ. ಅರ್ಧ ಗಂಟೆ ಒದ್ದಾಡಿ ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಹಿಂದಿನ ಭಾಗ ತೋರಿಸು ಅಂದ. ತೋರಿಸಿದೆ. ನಕ್ಕುಬಿಟ್ಟ. "ಮಾಮಾ, ವಾಯರ್ ಎಲ್ಲಿ ಹಚ್ಚೀದಿ ನೋಡು." ಒರೆಸುವಾಗ ಕಿತ್ತ ಎಚ್‌ಡಿಎಂಐ ವಾಯರನ್ನು ಹಳೆಯ ರೂಢಿಯಂತೆ ಮದರ್‌ಬೋರ್ಡಿಗೇ ಸಿಕ್ಕಿಸಿದ್ದೆ. 2200ಜಿ ಇದ್ದಾಗ ಅಲ್ಲೂ ಚಿತ್ರ ಬರುತ್ತಿತ್ತು. 5600ಗೆ ಒಳಗೆ ಗ್ರಾಫಿಕ್ಸೇ ಇಲ್ಲ, ವಾಯರ್ ಕಾರ್ಡಿಗೇ ಹಚ್ಚಬೇಕು.

ಮಾನಿಟರ್ ಕೊನೆಗೆ ತಂದೆ, ಅದು ನನ್ನ ತಪ್ಪು ಲೆಕ್ಕ. ಇಷ್ಟೆಲ್ಲ ಹಾಕಿ ನಾಲ್ಕು ತಿಂಗಳು 1366×768ರ ಹಳೆಯ ಪರದೆಯಲ್ಲೇ ಆಡಿದೆ. ಈಗ ಯಾರಾದರೂ ಕೇಳಿದರೆ, ಯಾವ ಪರದೆಯಲ್ಲಿ ಆಡುತ್ತೀರಿ ಅಂತ ಮೊದಲು ಕೇಳುತ್ತೇನೆ, ಆಮೇಲೆ ಕಾರ್ಡಿನ ಮಾತು. 24 ಇಂಚಿನ 144 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು, 11,000ಕ್ಕೆ ಸಿಕ್ಕಿತು. ಒಂದು ವಾರ ಆಡಿ ಅಕ್ಕನ ಮಗನಿಗೆ "ಎಷ್ಟು ನುಣುಪು ಅಂತೀಯಾ" ಅಂತ ಹೇಳಿದ್ದೂ ಆಯಿತು. ಆಮೇಲೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ನೋಡಿದರೆ ಅದು 60ರಲ್ಲೇ ಓಡುತ್ತಿತ್ತು! ಡಿಸ್‌ಪ್ಲೇಪೋರ್ಟ್ ವಾಯರ್ ಹಚ್ಚಿ 144 ಆರಿಸಿದೆ. ಅವನಿಗೆ ಇದನ್ನು ಇನ್ನೂ ಹೇಳಿಲ್ಲ.

ಉಳಿದದ್ದು ಕ್ಯಾಬಿನೆಟ್. ಮುಂದೆಲ್ಲ ಗಾಜು, ಒಳಗೆ ಬಣ್ಣದ ದೀಪ ಇರುವುದು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಗಾಜಿನ ಹಿಂದಿನ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು? ನಾನು ಆರಿಸಿದ್ದು ಮುಂದೆ ಜಾಳಿಗೆ ಇರುವ, ಅದರ ಹಿಂದೆ ಕಳಚಿ ತೊಳೆಯಲು ಬರುವ ಫಿಲ್ಟರ್ ಇರುವ ಕಪ್ಪು ಡಬ್ಬಿ, 3,400. ಮುಂದೆ ಎರಡು ಫ್ಯಾನು ಒಳಗೆ ಎಳೆಯುತ್ತವೆ, ಹಿಂದೆ ಒಂದೇ ಹೊರಗೆ ದಬ್ಬುತ್ತದೆ. ಒಳಗೆ ಗಾಳಿಯ ಒತ್ತಡ ತುಸು ಜಾಸ್ತಿ ಇದ್ದರೆ ಸಂದಿಗೊಂದಿಯಿಂದ ಧೂಳು ನುಗ್ಗುವುದು ಕಡಿಮೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತೇನೆ, ಬಿಟ್ಟರೆ ಬುಗುರಿಯ ಹಾಗೆ ತಿರುಗಿ ಬೇರಿಂಗ್ ಹೋಗುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದನ್ನೂ ಕಲಿತೆ.

ಎಲ್ಲ ಕೂಡಿಸಿದರೆ 55,900. ಒಂದೇ ಸಲಕ್ಕೆ ಕೊಡು ಅಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಒಂಬತ್ತು ತಿಂಗಳಲ್ಲಿ ಏಳು ಸಲ ಕೊಟ್ಟದ್ದರಿಂದ ಮನೆಯಲ್ಲಿ ಯಾರೂ ಕೂಡಿಸಿ ನೋಡಲಿಲ್ಲ.

ಸೀಸನ್ನಿನಲ್ಲಿ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಬೇಕು. ನಾನು ಮರೆತರೂ ಅವ್ವ ಮರೆಯುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅಂಗಳದ ತಂತಿಯ ಮೇಲೆ ಬಟ್ಟೆಗಳ ನಡುವೆ ಅದೂ ಒಣಗುತ್ತಿರುತ್ತದೆ. ಕೆಳಗೆ ತೊಟ್ಟಿಕ್ಕುವ ನೀರು ಕೆಂಪಗೆ.