ಮಳೇಲಿ ಹರಿದ ಟೆಂಟಿಗೆ ಕೊನೆಗೂ ನಿಂತ ಟೇಪ್

ಆಗುಂಬೆ ಹತ್ರ ಹೋಂಸ್ಟೇ ಅಂಗಳದಲ್ಲಿ ಟೆಂಟ್ ಹಾಕಿದ್ವಿ, ಗಾಳಿಗೆ ಮೇಲಿನ ಕವರ್ ಗೇಣುದ್ದ ಹರಿದೋಯ್ತು. ಬ್ರೌನ್ ಪ್ಯಾಕಿಂಗ್ ಟೇಪ್ ಹಚ್ಚಿದ್ರೆ ಬೆಳಗ್ಗೆ ಹೊತ್ತಿಗೆ ಮೂಲೆಯಿಂದ ಸುರುಳಿ ಸುತ್ಕೊಂಡು ಎದ್ದಿತ್ತು.

ಆಮೇಲೆ ಕೆಲಸ ಮಾಡಿದ್ದು ಬಟ್ಟೆ ಎಳೆ ಇರೋ ಡಕ್ಟ್ ಟೇಪ್. ಮೇಲೆ ಪ್ಲಾಸ್ಟಿಕ್, ನಡುವೆ ಬಟ್ಟೆ ಜಾಲರಿ, ಕೆಳಗೆ ರಬ್ಬರ್ ಅಂಟು, ಆ ಜಾಲರಿ ಇರೋದ್ರಿಂದ್ಲೇ ಅದು ಎಳೆದ್ರೂ ತಡ್ಕೊಳತ್ತೆ, ಕೈಯಲ್ಲೇ ನೀಟಾಗಿ ಹರಿಯತ್ತೆ ಕೂಡ. ಅಂಗಡೀಲಿ ತಗೊಳ್ಳೋವಾಗ ತುದಿ ನೋಡಿ, ಎಳೆ ಒತ್ತೊತ್ತಾಗಿ ಕಾಣ್ಬೇಕು.

ಹಚ್ಚೋ ವಿಧಾನಾನೇ ಮುಖ್ಯ ಕಣ್ರೀ. ಮೊದಲು ಪೂರ್ತಿ ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ತೇವ ಇದ್ರೆ ಈ ಟೇಪ್ ಸರಿಯಾಗಿ ಕೂರಲ್ಲ. ತುಂಡಿನ ಮೂಲೆಗಳನ್ನ ಕತ್ತರೀಲಿ ದುಂಡಗೆ ಮಾಡಿ, ಹರಿದ ಜಾಗಕ್ಕಿಂತ ಸುತ್ತ ಒಂದಿಂಚು ಜಾಸ್ತಿ ಬಿಟ್ಟು ಒಳಗೂ ಹೊರಗೂ ಎರಡೂ ಕಡೆ ಹಚ್ಚಿ, ಚಮಚದ ಬೆನ್ನಲ್ಲಿ ಚೆನ್ನಾಗಿ ಉಜ್ಜಿ. ಆದ್ರೆ ಸಿಲಿಕೋನ್ ಕೋಟಿಂಗ್ ಬಟ್ಟೆಗೆ ಇದು ಹಿಡಿಯಲ್ಲ, ಅದಕ್ಕೆ ಬೇರೆ ಸಿಲಿಕೋನ್ ಅಂಟೇ ಬೇಕು.

ಬಿಸಿಲಲ್ಲಿ ಡಕ್ಟ್ ಟೇಪ್ ಅಂಟು ಕರಗಿ ಜಿಗುಟಾಗತ್ತೆ, ಹಾಗಾಗಿ ಮನೆಗೆ ಬಂದ್ಮೇಲೆ ತೆಗೆದು ನೈಲಾನ್ ರಿಪೇರಿ ಪ್ಯಾಚ್ ಹಾಕಿದೀನಿ. ಟ್ರೆಕ್ಕಿಗೆ ಇಡೀ ರೋಲ್ ಹೊರೋದು ಬೇಡ, ವಾಕಿಂಗ್ ಸ್ಟಿಕ್ಕಿಗೆ ನಾಲ್ಕೈದು ಸುತ್ತು ಸುತ್ತಿಟ್ಕೊಂಡ್ರೆ ಸಾಕು.