ಮಣ್ಣಿನ ಕೆಲಸದಿಂದ ನಾನು ಚೇತರಿಸಿಕೊಂಡ ಬಗೆ

ದೀರ್ಘಕಾಲದ ಕಾಯಿಲೆಯಿಂದ ದೇಹ ಗುಣವಾದ ಮೇಲೂ ನನಗೆ ಬೆಳಿಗ್ಗೆ ಏಳುವುದಕ್ಕೆ ಕಾರಣವೆಂಬುದು ಉಳಿದಿರಲಿಲ್ಲ. ಮಾಡುತ್ತಿದ್ದ ಉದ್ಯೋಗ ಕೈಬಿಟ್ಟಿತ್ತು; ಹಳ್ಳಿಯಲ್ಲಿ ಎಲ್ಲರೂ ಪ್ರೀತಿಯಿಂದ ವಿಚಾರಿಸುತ್ತಿದ್ದರಾದರೂ ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಜೇಡಿಮಣ್ಣಿಗೆ ಕೈಹಾಕಿದ್ದು ಕಲಾವಿದೆಯಾಗುವ ಹಂಬಲದಿಂದಲ್ಲ; ಮಣ್ಣು ಪುಕ್ಕಟೆಯಾಗಿ ಸಿಗುತ್ತಿತ್ತು, ಅಷ್ಟೇ.

ತಿಗರಿಯ, ಅಂದರೆ ಕುಂಬಾರರ ಚಕ್ರದ, ಗೋಜಿಗೆ ನಾನು ಹೋಗಲಿಲ್ಲ. ಅದು ಕೈಗೆ ಒಗ್ಗಲು ಬಹುಕಾಲ ಬೇಕು, ಕುಗ್ಗಿದ ಮನಸ್ಸಿಗೆ ಆರಂಭದಲ್ಲಿಯೇ ಸೋಲಿನ ಮೇಲೆ ಸೋಲು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಕಲ್ಲು, ಬೇರುಗಳನ್ನು ಆರಿಸಿ ಹದವಾಗಿ ನಾದಿದ ಮಣ್ಣಿಗೆ ಹಳೆಯ ಮಡಕೆಚೂರುಗಳನ್ನು ಕುಟ್ಟಿದ ಪುಡಿ ಬೆರೆಸುತ್ತಿದ್ದೆ. ಅದರಿಂದ ಒಣಗುವಾಗ ಮಣ್ಣು ಕುಗ್ಗುವುದೂ ಬಿರಿಯುವುದೂ ಕಡಿಮೆಯಾಗುತ್ತದೆ. ಆಮೇಲೆ ಬೆರಳುಗಾತ್ರದ ಹುರಿಗಳನ್ನು ಹೊಸೆದು, ಸುತ್ತಿನ ಮೇಲೆ ಸುತ್ತು ಪೇರಿಸಿ, ಮೇಲಿನ ಹುರಿಯ ಮಣ್ಣನ್ನು ಹೆಬ್ಬೆರಳಿನಿಂದ ಕೆಳಗಿನದರ ಮೇಲೆ ಎಳೆದು ಬೆಸೆಯಬೇಕು. ನಾಲ್ಕಾರು ಸುತ್ತು ಏರಿದೊಡನೆ ಕೆಲಸ ನಿಲ್ಲಿಸಲೇಬೇಕು, ಏಕೆಂದರೆ ಕೆಳಗಿನ ಗೋಡೆ ಬಿಗಿಯಾಗದೆ ಮೇಲಿನ ಭಾರವನ್ನು ಹೊರದು. ಹಾಗೆಂದು ಪೂರ್ತಿ ಒಣಗಲು ಬಿಟ್ಟರೆ ಹೊಸ ಹುರಿ ಅಂಟುವುದಿಲ್ಲ. ಹೀಗಾಗಿ ಅಂಚಿಗೆ ಒದ್ದೆಬಟ್ಟೆ ಹೊದಿಸಿಟ್ಟು, ಮನಸ್ಸಿರಲಿ ಇಲ್ಲದಿರಲಿ, ಮರುದಿನ ಅದರ ಮುಂದೆ ಬಂದು ಕೂರಲೇಬೇಕಾಗುತ್ತಿತ್ತು. ಕಲೆಯೆಂದರೆ ಒಳಗಿನ ನೋವನ್ನು ಹೊರಚೆಲ್ಲುವುದು ಎಂದು ಅನೇಕರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ನಿಜವಾಗಲಿಲ್ಲ; ನನ್ನ ನೋವಿಗೂ ಆ ಮಡಕೆಗಳ ಆಕಾರಕ್ಕೂ ಯಾವ ಸಂಬಂಧವೂ ಇರಲಿಲ್ಲ. ನನ್ನನ್ನು ಎಬ್ಬಿಸಿದ್ದು ಮಣ್ಣಿನ ಈ ಹಟಮಾರಿ ವೇಳಾಪಟ್ಟಿ.

ನೋಡಲು ಬಂದ ನೆರೆಯವರಲ್ಲಿ ಕೆಲವರು ಜೊತೆಗೆ ಕುಳಿತರು. ಮಗನನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು ಬಹಳ ಕಾಲ ಏನನ್ನೂ ಮಾಡದೆ ಮಣ್ಣು ನಾದುತ್ತಲೇ ಇದ್ದರು. 'ಏನು ಮಾಡ್ತೀರಮ್ಮಾ?' ಎಂದು ಯಾರೋ ಕೇಳಿದರೆ, 'ನಾದ್ತಿದ್ದೀನಲ್ಲ' ಎನ್ನುತ್ತಿದ್ದರು. ಅವರನ್ನು ಒತ್ತಾಯಿಸಬಾರದೆಂದು ನಾವು ತೀರ್ಮಾನಿಸಿದೆವು, ಅಲ್ಲದೆ ಅವರು ನಾದಿದ ಮಣ್ಣಿನಲ್ಲಿ ಗಾಳಿಗುಳ್ಳೆಯೇ ಇರುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಅದೇ ಬೇಕಾಯಿತು.

ಇದನ್ನು ನಾನು ಚಿಕಿತ್ಸೆ ಎಂದು ಕರೆಯುವುದಿಲ್ಲ. ಕಲಾಚಿಕಿತ್ಸೆ ತರಬೇತಿ ಪಡೆದವರು ನಡೆಸುವ ಪ್ರತ್ಯೇಕ ವೃತ್ತಿ. ಆ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಚೇತರಿಸಿಕೊಳ್ಳುವಾಗ ಚಿತ್ರ ಬರೆಯುವುದರ ಪ್ರಯೋಜನವನ್ನು ಅವರು ಸ್ವತಃ ಕಂಡುಕೊಂಡಿದ್ದರು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಕಲಾಕೆಲಸದಲ್ಲಿ ತೊಡಗಿದ ನಂತರ, ಒತ್ತಡವನ್ನು ಸೂಚಿಸುವ ಕಾರ್ಟಿಸಾಲ್ ಮಟ್ಟ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಅದು ಚಿಕ್ಕ ಅಧ್ಯಯನ, ಹೆಚ್ಚಿನದನ್ನು ಅದರ ಮೇಲೆ ಹೊರಿಸಲಾಗದು. ನಿದ್ರೆಗೆಟ್ಟು, ಬದುಕೇ ಬೇಡವೆನ್ನುವ ಹಂತ ತಲುಪಿದವರನ್ನು ಮೊದಲು ವೈದ್ಯರ ಬಳಿಗೇ ಕರೆದೊಯ್ಯಬೇಕು.

ನಮ್ಮನ್ನು ನಿಜವಾಗಿ ಒಂದುಗೂಡಿಸಿದ್ದು ಆವಿಗೆ, ಅಂದರೆ ಮಡಕೆ ಸುಡುವ ಗೂಡು. ಒಬ್ಬರ ಎರಡು ಮಡಕೆಗಾಗಿ ಅಷ್ಟು ಸೌದೆ ಉರಿಸಲಾಗದು, ಎಲ್ಲರದೂ ಒಟ್ಟಿಗೇ ಬೇಯಬೇಕು. ಪಾತ್ರೆಯ ದಪ್ಪ ಗೋಡೆಯೊಳಗೆ ತೇವ ಉಳಿದಿದ್ದರೆ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದು ಹಬೆಯಾಗಿ ಪಾತ್ರೆಯನ್ನು ಸಿಡಿಸುತ್ತದೆ, ಪಕ್ಕದಲ್ಲಿರುವ ಇನ್ನೊಬ್ಬರ ಕೆಲಸವೂ ಹಾಳಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಮಾತು ಇಲ್ಲಿ ಬೆಂಕಿಗೂ ಸಲ್ಲುತ್ತದೆ. ಆದ್ದರಿಂದ ಆವಿಗೆಗೆ ಇಡುವ ಮೊದಲು ಪ್ರತಿಯೊಂದು ಪಾತ್ರೆಯನ್ನೂ ಕೆನ್ನೆಗೆ ಒತ್ತಿ ನೋಡುತ್ತೇವೆ: ತಣ್ಣಗೆನಿಸಿದರೆ ಒಳಗೆ ಇನ್ನೂ ತೇವವಿದೆ ಎಂದರ್ಥ. ಹೇಗೋ ಏನೋ ಈ ಪರೀಕ್ಷೆ ನನ್ನ ಪಾಲಿಗೆ ಬಂದಿತು. ಒಣಗಿದೆಯೇ ಎಂದು ಕೇಳಲು ಜನ ಪಾತ್ರೆ ಹಿಡಿದು ಮನೆಬಾಗಿಲಿಗೆ ಬರತೊಡಗಿದಾಗ, ನನ್ನಿಂದ ಮತ್ತೆ ಯಾರಿಗೋ ಏನೋ ಆಗಬೇಕಾಗಿದೆ ಎಂಬುದು ಅರಿವಿಗೆ ಬಂದಿತು.

ಉರಿಯನ್ನು ಮೊದಲು ಹೊಗೆಯ ಮಟ್ಟದಲ್ಲಿಯೇ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಏರಿಸುತ್ತೇವೆ. ಶಾಖ 600 ಡಿಗ್ರಿ ದಾಟಿ ಚೆನ್ನಾಗಿ ಬೆಂದ ಮಣ್ಣು ನೀರಿಗೆ ಹಾಕಿದರೂ ಮತ್ತೆ ಕರಗುವುದಿಲ್ಲ. ಯಾವಾಗ ಸೌದೆ ಹೆಚ್ಚಿಸಬೇಕು, ಯಾವಾಗ ಆವಿಗೆಯ ಬಾಯಿ ಮುಚ್ಚಬೇಕು ಎಂಬುದನ್ನು ಈಗ ಆ ಹಿರಿಯರೇ ನಿರ್ಧರಿಸುತ್ತಾರೆ, ಈ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವುದಿಲ್ಲ.