ಪ್ಲಗಿನ್ ಇಲ್ಲದೆ ಫೋನಿನಲ್ಲಿ ಫ್ಲ್ಯಾಶ್ ಓಡಿಸಿದ್ದು: ನನ್ನ ಅನುಭವ

"ಬಿಟ್ಬಿಡಿ ಸರ್, ಫ್ಲ್ಯಾಶ್ ಸತ್ತು ಮಣ್ಣಾಯ್ತು" ಅಂತ ಗೊತ್ತಿರುವವರೆಲ್ಲ ಹೇಳಿದ್ದರು. ಫ್ಲ್ಯಾಶ್ ಅಂದರೆ ಅಡೋಬಿ ಕಂಪನಿಯ ಅನಿಮೇಷನ್ ತಂತ್ರಾಂಶ; ಅದರಲ್ಲಿ ಮಾಡಿದ್ದನ್ನು ಬ್ರೌಸರಿನಲ್ಲಿ ಓಡಿಸಲು ಪ್ಲಗಿನ್ ಎಂಬ ಹೆಚ್ಚುವರಿ ತುಣುಕು ಬೇಕಿತ್ತು. ಈಗ ನನ್ನ ಹಳೆ ನೂರಾ ಹತ್ತು ಚಿಲ್ಲರೆ ಎಸ್‌ಡಬ್ಲ್ಯುಎಫ್ (ಓಡಿಸಲು ಸಿದ್ಧವಾದ ಫ್ಲ್ಯಾಶ್) ಫೈಲ್‌ಗಳಲ್ಲಿ ತೊಂಬತ್ತರ ಮೇಲೆ ಏಳು ಸಾವಿರದ ಫೋನಿನಲ್ಲೂ ಓಡುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವು 2007ರಿಂದ 2010ರವರೆಗೆ ಹೈಸ್ಕೂಲ್ ವಿಜ್ಞಾನಕ್ಕೆ ಮಾಡಿದ ಕನ್ನಡ ಅನಿಮೇಷನ್‌ಗಳು. ಹೆಚ್ಚಿನವು ಫ್ಲ್ಯಾಶ್ 8ರಲ್ಲಿ, ಅದರ ಪ್ರೋಗ್ರಾಮ್ ಭಾಷೆ ಆಕ್ಷನ್‌ಸ್ಕ್ರಿಪ್ಟ್ 2ರಲ್ಲಿ; ಅಕ್ಷರ ನುಡಿ, ಅಂದರೆ ಯುನಿಕೋಡ್ ಅಲ್ಲದ ಹಳೆ ಕನ್ನಡ ಫಾಂಟ್. ಅಷ್ಟು ಹೇಳಿದರೆ ಸಾಕಲ್ವಾ, ತಲೆನೋವು ಎಂಥದ್ದು ಅಂತ ಈ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ.

2010ರ ಏಪ್ರಿಲ್‌ನಲ್ಲಿ ಐಫೋನಿಗೆ ಫ್ಲ್ಯಾಶ್ ಯಾಕೆ ಬೇಡ ಅಂತ ಸ್ಟೀವ್ ಜಾಬ್ಸ್ ಪತ್ರ ಬರೆದಾಗ ನನಗೆ ಮೈಯೆಲ್ಲ ಉರಿದಿತ್ತು. ಅದೇ ವರ್ಷ ಆಂಡ್ರಾಯ್ಡ್ 2.2ಕ್ಕೆ ಫ್ಲ್ಯಾಶ್ 10.1 ಬಂತು. ನೋಡ್ಕೊಳ್ಳಿ ಈಗ, ಅಂದುಕೊಂಡು ಇಪ್ಪತ್ತನಾಲ್ಕು ಸಾವಿರದ ಹತ್ತಿರ ಸುರಿದು ಒಂದು ಫೋನ್ ತಂದೆ. ಶಾಲೆಯೊಂದರಲ್ಲಿ ಹೃದಯದ ಅನಿಮೇಷನ್ ತೋರಿಸಲು ಹೋದೆ. ಸೆಕೆಂಡಿಗೆ 24 ಫ್ರೇಮ್ ಇರಬೇಕಾದದ್ದು ಏಳೆಂಟಕ್ಕೆ ಇಳಿದು ಹೃದಯ ತೆವಳತೊಡಗಿತು. ಒಂದು ಪೀರಿಯಡ್ ಮುಗಿಯುವಷ್ಟರಲ್ಲಿ ಬ್ಯಾಟರಿ ಅರ್ಧ ಖಾಲಿ, ಫೋನು ದೋಸೆ ಕಾವಲಿ. "ಇದಕ್ಕಿಂತ ನಮ್ಮ ಚಾರ್ಟೇ ವಾಸಿ" ಅಂದರು ಮೇಷ್ಟ್ರು. ಜಾಬ್ಸ್ ಪತ್ರದಲ್ಲಿ ಬ್ಯಾಟರಿ ಮತ್ತು ಟಚ್ ಬಗ್ಗೆ ಬರೆದದ್ದು ಸುಳ್ಳಲ್ಲ ಅಂತ ಅವತ್ತೇ ಒಪ್ಪಿಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. 2011ರ ನವೆಂಬರ್‌ನಲ್ಲಿ ಅಡೋಬಿಯೇ ಮೊಬೈಲ್ ಫ್ಲ್ಯಾಶ್ ಕೈಬಿಟ್ಟಿತು.

ಆಮೇಲೆ ಏನೇನೋ ಮಾಡಿದೆ. ಫ್ಲ್ಯಾಶ್ ಫೈಲನ್ನು ಎಚ್‌ಟಿಎಂಎಲ್5ಗೆ (ಪ್ಲಗಿನ್ ಇಲ್ಲದೆ ಬ್ರೌಸರ್ ತಾನೇ ಓಡಿಸುವ ವೆಬ್ ಭಾಷೆ) ಬದಲಾಯಿಸುವ ಗೂಗಲ್‌ನ ಸ್ವಿಫಿಗೆ ಹಾಕಿದರೆ ಚಿತ್ರ ಬಂತು, ನನ್ನ ಕ್ವಿಜ್‌ಗಳ ಲೆಕ್ಕ ಕೆಟ್ಟಿತು. ಎಲ್ಲವನ್ನೂ ಎಂಪಿ4 ಮಾಡಿಸಿದೆ, ಎಂಟು ಸಾವಿರ ಹೋಯ್ತು. ಸ್ವಿಚ್ ಒತ್ತಿದರೆ ಬಲ್ಬ್ ಹತ್ತಬೇಕಾದ ಪಾಠವನ್ನು ವಿಡಿಯೊ ಮಾಡಿ ಏನು ಪ್ರಯೋಜನ? ಪಫಿನ್ ಬ್ರೌಸರ್ ಕೂಡ ನೋಡಿದೆ. ಫ್ಲ್ಯಾಶನ್ನು ತನ್ನ ಸರ್ವರ್‌ನಲ್ಲೇ ಓಡಿಸಿ ಚಿತ್ರ ಮಾತ್ರ ಫೋನಿಗೆ ಕಳಿಸುತ್ತಿತ್ತು, ಭಲೇ ಐಡಿಯಾ. ಆದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಇವತ್ತು ಒತ್ತಿದ ಬಟನ್ ನಾಳೆ ಕೆಲಸ ಮಾಡಿದ ಹಾಗಿರುತ್ತಿತ್ತು. ಎಲ್ಲ ಹೊಸದಾಗಿ ಎಚ್‌ಟಿಎಂಎಲ್5ನಲ್ಲಿ ಬರೆಸೋಣ ಅಂತ ಕೇಳಿದರೆ ಒಬ್ಬರು ಎರಡು ಲಕ್ಷದ ಮೇಲೆ ಹೇಳಿದರು. ನಮಸ್ಕಾರ ಹಾಕಿ ಬಂದೆ.

ಲಾಕ್‌ಡೌನ್‌ನಲ್ಲಿ ಮಕ್ಕಳ ಕೈಗೆ ಅಪ್ಪ ಅಮ್ಮನ ಫೋನ್ ಬಂತು. 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರ್ ಕಂಪ್ಯೂಟರಿನಲ್ಲೂ ಮುಗಿಯಿತು. ಆಗ ಕಣ್ಣಿಗೆ ಬಿದ್ದದ್ದು ರಫಲ್. ರಸ್ಟ್ ಎಂಬ ಪ್ರೋಗ್ರಾಮ್ ಭಾಷೆಯಲ್ಲಿ ಬರೆದು, ಬ್ರೌಸರ್ ನೇರವಾಗಿ ಓಡಿಸಬಲ್ಲ ವೆಬ್‌ಅಸೆಂಬ್ಲಿ (ವಾಸ್ಮ್) ರೂಪದಲ್ಲಿ ಕೊಡುವ ಫ್ಲ್ಯಾಶ್ ಪ್ಲೇಯರ್. ಫೋನಿನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೇಜೇ ತನ್ನ ಪ್ಲೇಯರನ್ನು ಹೊತ್ತು ತರುತ್ತದೆ.

ಮೊದಲ ದಿನ ಬರೀ ಬಿಳಿ ಪರದೆ. ಮೂರು ರಾತ್ರಿ ಹಾಳಾದವು. ಕೊನೆಗೆ ನೋಡಿದರೆ ಹೋಸ್ಟಿಂಗ್‌ನವರ ಸರ್ವರ್ ವಾಸ್ಮ್ ಫೈಲನ್ನು ತಪ್ಪು ಮೈಮ್ ಟೈಪ್‌ನಲ್ಲಿ (ಇದು ಎಂಥ ಫೈಲ್ ಅಂತ ಬ್ರೌಸರಿಗೆ ಹೇಳುವ ಗುರುತು) ಕಳಿಸುತ್ತಿತ್ತು. ಅವರಿಗೆ ಫೋನ್ ಮಾಡಿದರೆ "ನಿಮ್ಮ ಕೋಡ್ ಸರಿಯಿಲ್ಲ" ಅಂದರು. ನಾನೇ ಸರ್ವರ್‌ನ ಸೆಟ್ಟಿಂಗ್ ಫೈಲ್ ಎಚ್‌ಟಿಆಕ್ಸೆಸ್‌ನಲ್ಲಿ ಒಂದು ಸಾಲು ಸೇರಿಸಿದೆ, ಓಡಿತು.

ಓಡಿತು, ಆದರೆ ಕ್ವಿಜ್‌ನ ಅಂಕಗಳ ಜಾಗದಲ್ಲಿ ಪೌಂಡ್ ಚಿಹ್ನೆಗಳು! ಸ್ಟ್ಯಾಟಿಕ್ ಪಠ್ಯದ (ಎಂದೂ ಬದಲಾಗದ ಬರಹ) ಅಕ್ಷರಗಳು ಫೈಲ್ ಒಳಗೇ ಚಿತ್ರವಾಗಿ ಕೂತಿದ್ದವು, ಹಾಗಾಗಿ ಚೆನ್ನಾಗಿ ಬಂದವು. ಡೈನಾಮಿಕ್ ಪಠ್ಯ (ಅಂಕದಂತೆ ಓಡುವಾಗ ಬದಲಾಗುವ ಬರಹ) ಮಾತ್ರ ಕಂಪ್ಯೂಟರಿನ ನುಡಿ ಫಾಂಟನ್ನೇ ನೆಚ್ಚಿಕೊಂಡಿತ್ತು. ಫೋನಿನಲ್ಲಿ ಆ ಫಾಂಟ್ ಎಲ್ಲಿಂದ ಬರಬೇಕು? ನುಡಿಯಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂತಿರುತ್ತವೆ, ಹಾಗಾಗಿ 'ನ' ಇದ್ದಲ್ಲೆಲ್ಲ ಪೌಂಡ್. ತಿದ್ದಲು ಬೇಕಾದ ಮೂಲ ಎಫ್‌ಎಲ್‌ಎ ಫೈಲ್‌ಗಳಲ್ಲಿ ಅರ್ಧದಷ್ಟು 2013ರಲ್ಲೇ ಹಾರ್ಡ್‌ಡಿಸ್ಕ್ ಜೊತೆ ಹೋಗಿದ್ದವು. ಸಿದ್ಧ ಫೈಲನ್ನು ಬಿಚ್ಚಿ ತಿದ್ದಲು ಬಿಡುವ ಜೆಪೆಕ್ಸ್ ಡಿಕಂಪೈಲರ್‌ನಲ್ಲಿ ಒಂದೊಂದೇ ಎಸ್‌ಡಬ್ಲ್ಯುಎಫ್ ತೆರೆದು ಅಕ್ಷರಗಳನ್ನು ಒಳಗೆ ಸೇರಿಸಿ ಸರಿಮಾಡಿದೆ. ಒತ್ತು, ಕೊಂಬು ಜಾಗ ತಪ್ಪದಂತೆ ಸೇರಿಸಲು ಒಂದು ಉಪಾಯವಿದೆ. ಅದು ಇಲ್ಲಿ ಬೇಡ, ನನ್ನ ಹೊಟ್ಟೆಪಾಡು ಸ್ವಾಮಿ.

ಇನ್ನು ರೋಲ್‌ಓವರ್. ಮೌಸ್ ಇಟ್ಟರೆ ಹೃದಯದ ಭಾಗದ ಹೆಸರು ಕಾಣುವಂತೆ ಮಾಡಿದ್ದೆ. ಬೆರಳಿಗೆ ರೋಲ್‌ಓವರ್ ಅಂದರೆ ಏನು? ಎಲ್ಲವನ್ನೂ ಒತ್ತಿದಾಗ ಕಾಣುವಂತೆ ಬದಲಾಯಿಸಿದೆ. ಹೆಸರು ಬೆರಳ ಕೆಳಗೇ ಮುಚ್ಚಿಹೋಗುತ್ತಿತ್ತು, ಅದನ್ನು ಮೇಲಕ್ಕೆ ಸರಿಸಿದೆ. ಎಳೆದು ಬಿಡುವ ಆಟಗಳಲ್ಲಿ ಇಡೀ ಪೇಜೇ ಜಾರುತ್ತಿತ್ತು. ಪೇಜಿನ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ಟಚ್-ಆ್ಯಕ್ಷನ್ ನನ್ (touch-action: none) ಅಂತ ಹಾಕಿದ ಮೇಲೆ ನಿಂತಿತು. ಸುಮ್ನೆ ಕುತೂಹಲಕ್ಕೆ ಒಂದು ಲೋಲಕದ ಫೈಲನ್ನು 24 ಫ್ರೇಮ್‌ನಿಂದ 12ಕ್ಕೆ ಇಳಿಸಿ ನೋಡಿದೆ. ಹಳೆ ಫೋನ್ ತಣ್ಣಗಾಯ್ತು, ಆದರೆ ಲೋಲಕದ ವೇಗವೂ ಅರ್ಧವಾಯ್ತು. ಫ್ರೇಮ್ ಲೆಕ್ಕದಲ್ಲೇ ಭೌತಶಾಸ್ತ್ರ ಬರೆದಿದ್ದೆ ನೋಡಿ!

ಖರ್ಚು ಒಟ್ಟು ಹದಿನೆಂಟು ಸಾವಿರ ಆಗಿರಬಹುದು, ಹೋಸ್ಟಿಂಗ್ ಮತ್ತು ಸಹಾಯಕ್ಕಿದ್ದ ಹುಡುಗನ ಎರಡು ತಿಂಗಳ ಸಂಬಳ ಸೇರಿ. ನನ್ನ ನಿದ್ದೆಯ ಲೆಕ್ಕ ಬಿಡಿ.

ಫೋನಿನಲ್ಲಿ ಪ್ಲಗಿನ್ ಇರಬೇಕಿತ್ತಾ ಅಂತ ಇವತ್ತು ಕೇಳಿದರೆ, ಬೇಡ ಅಂತೀನಿ. ಆದರೆ ಪ್ಲಗಿನ್ ಕಿತ್ತವರು ನಮ್ಮ ಹಳೆ ಫೈಲ್‌ಗಳಿಗೆ ಬೇರೆ ದಾರಿ ಮಾಡಿಕೊಟ್ಟು ಕೀಳಬಹುದಿತ್ತು. ಆ ದಾರಿ ಮಾಡಿದ್ದು ಹತ್ತು ವರ್ಷದ ಮೇಲೆ, ಪುಕ್ಕಟೆ ಕೋಡ್ ಬರೆಯುವ ಹುಡುಗರು.

ಆಕ್ಷನ್‌ಸ್ಕ್ರಿಪ್ಟ್ 3ರ ಹನ್ನೆರಡು ಫೈಲ್ ಇನ್ನೂ ಹಠ ಮಾಡುತ್ತಿವೆ. ರಫಲ್‌ನ ಹೊಸ ಬಿಲ್ಡ್ (ಆವೃತ್ತಿ) ಬಂದಾಗಲೆಲ್ಲ ಮೊದಲು ಆ ಹನ್ನೆರಡರಲ್ಲಿನ ಬೆಳಕಿನ ವಕ್ರೀಭವನದ ಫೈಲ್ ತೆರೆಯುತ್ತೇನೆ. ಕಳೆದ ಸಲ ಪಟ್ಟಕ ಬಂದಿತ್ತು, ಬಣ್ಣಗಳು ಬಂದಿರಲಿಲ್ಲ.